ಹೊಳೆಯಾಚೆಯ ಪರದೇಶದಲ್ಲಿ ಒಂದು ಕೋಟೆ

ನಮ್ಮ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲ ಈಗ ವಿದೇಶ ನೋಡಿದವರೇ. ಒಬ್ಬ ದುಬೈಯಿಂದ ಎತ್ತರದ ಕಟ್ಟಡದ ಪಟ ಕಳಿಸುತ್ತಾನೆ, ಇನ್ನೊಬ್ಬಳು ಎಲ್ಲಿಯದೋ ಹಿಮದಲ್ಲಿ ನಿಂತು ಹಲ್ಲು ಬಿಡುತ್ತಾಳೆ. "ಅಜ್ಜಿ, ನೀವೊಬ್ಬರೇ ಎಲ್ಲಿಗೂ ಹೋಗ್ಲಿಲ್ಲ ಅಲ್ವಾ?" ಎಂದು ಬದಿಯಡ್ಕದ ಮೊಮ್ಮಗಳು ಮೊನ್ನೆ ಕೇಳಿದಳು. ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ನನಗೆ ಕಲಿಸಿದವಳೂ ಅವಳೇ. ಹಾಗಾಗಿ ಉತ್ತರವನ್ನು ಇದರಲ್ಲೇ ಕುಟ್ಟುತ್ತಿದ್ದೇನೆ. ಒತ್ತಕ್ಷರ ಬಂದಲ್ಲಿ ಬೆರಳು ಸ್ವಲ್ಪ ತಡವರಿಸುತ್ತದೆ. ನೆನಪು ತಡವರಿಸುವುದಿಲ್ಲ.

ನಾನು ವಿದೇಶಕ್ಕೆ ಹೋಗಿ ಬಂದವಳು. ಅಲ್ಲಿ ಕೋಟೆ ನೋಡಿದ್ದೇನೆ, ಅಲ್ಲಿಯ ಜನರ ಜೊತೆ ಕೂತು ತಿಂದಿದ್ದೇನೆ, ಸಂಜೆಗೆ ಮನೆಗೆ ಬಂದು ಗಂಜಿ ಉಂಡು ಮಲಗಿದ್ದೇನೆ. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. ನನ್ನ ಜೊತೆ ನನ್ನ ಅಜ್ಜಿಯೂ ಬಂದಿದ್ದರು. ಅವರಿಗೆ ಬರಲು ಮನಸ್ಸಿರಲಿಲ್ಲ, ಅದು ಬೇರೆ ವಿಷಯ.

ಹೊರಡುವ ಮೊದಲು

ಆಗ ನಮ್ಮ ಮನೆ ಇದ್ದದ್ದು ಕಾಸರಗೋಡು ಪೇಟೆಯಿಂದ ತೆಂಕಕ್ಕೆ, ಚಂದ್ರಗಿರಿ ಹೊಳೆಗೆ ನಡೆದು ಹೋಗುವಷ್ಟು ಹತ್ತಿರ. ಸ್ವಾತಂತ್ರ್ಯ ಬಂದು ಸ್ವಲ್ಪ ವರ್ಷ ಆಗಿತ್ತು. ಹೊಳೆಯ ಈಚೆ ದಡ ಮದ್ರಾಸಿಗೆ ಸೇರಿದ್ದು, ಆಚೆ ದಡವೂ ಮದ್ರಾಸಿಗೇ ಸೇರಿದ್ದು. ಸರಕಾರದ ಮಟ್ಟಿಗೆ ಎರಡೂ ಒಂದೇ. ನನ್ನ ಅಜ್ಜಿಯ ಮಟ್ಟಿಗೆ ಆಚೆ ದಡ ಪರದೇಶ.

"ನಮ್ಮ ಮನೆಯ ಹೆಂಗಸರು ಹೊಳೆ ದಾಟುವ ಕ್ರಮ ಇಲ್ಲ" ಎನ್ನುತ್ತಿದ್ದರು. ಗಂಡಸರು ದಾಟಬಹುದು. ನನ್ನಂಥ ಸಣ್ಣ ಹುಡುಗಿಯರೂ ದಾಟಬಹುದು, ನಾವು ಇನ್ನೂ ಲೆಕ್ಕಕ್ಕೆ ಇಲ್ಲದವರು. ದೊಡ್ಡ ಹೆಂಗಸರಿಗೆ ಮಾತ್ರ ಇಲ್ಲ. ಯಾಕೆ ಎಂದು ಕೇಳಿದರೆ, ಅಗಲ್ಪಾಡಿಯಿಂದ ಮದುವೆಯಾಗಿ ಬಂದ ದಿನವೇ ಅವರ ಅತ್ತೆ ಹೇಳಿದ್ದರಂತೆ. ಅವರ ಅತ್ತೆಗೆ ಯಾರು ಹೇಳಿದ್ದೋ. ರೈಲಿನಲ್ಲಿ ಹೋದರೆ ನೀರು ಮುಟ್ಟುವುದೇ ಇಲ್ಲವಲ್ಲ ಎಂದು ಅಪ್ಪ ಒಮ್ಮೆ ವಾದ ಮಾಡಿದ್ದರು. "ನೀರು ಮುಟ್ಟದಿದ್ರೆ ಎಂತ? ಮೇಲಿಂದ ಹೋದದ್ದು ಹೊಳೆಗೆ ಕಾಣುದಿಲ್ವಾ?" ಎಂದು ಅಜ್ಜಿ ಕೇಳಿದರು.

ಈ ಕ್ರಮದಿಂದ ಯಾರಿಗೂ ತೊಂದರೆ ಆಗಿರಲಿಲ್ಲ, ಸಾವಿತ್ರತ್ತೆಗೆ ಕೆಲಸ ಸಿಗುವವರೆಗೆ. ಸಾವಿತ್ರತ್ತೆ ಅಪ್ಪನ ತಂಗಿ. ಮಂಗಳೂರಿನಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿ ಬಂದು ಕೆಲಸಕ್ಕೆ ಕಾಯುತ್ತಿದ್ದಳು. ಆರ್ಡರು ಬಂದ ದಿನ ಅಂಗಳದಲ್ಲಿದ್ದ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಶಾಲೆ ಯಾವ ಊರಿನದು ಎಂದು ಓದಿದ ಮೇಲೆ ಮೆಲ್ಲ ಕೆಳಗಿಳಿಸಿದಳು. ಶಾಲೆ ಹೊಳೆಯಾಚೆ.

"ಈಚೆ ಬದಿಯಲ್ಲಿ ಮಕ್ಕಳಿಲ್ವಾ ಕಲಿಸ್ಲಿಕ್ಕೆ?" ಎಂದರು ಅಜ್ಜಿ.

"ಮಕ್ಕಳಿದ್ದಾರೆ ಅಮ್ಮ. ಆದ್ರೆ ನನ್ನನ್ನು ಕರೆದದ್ದು ಆಚೆಯವರು. ಶಾಲೆ ಸುರುವಾಗುವ ದಿನ ನಾನು ಹೋಗದಿದ್ರೆ ಬೇರೆಯವರಿಗೆ ಕೊಡ್ತಾರೆ."

"ಕೊಡ್ಲಿ. ಅವರೂ ಉಣ್ಣುವವರೇ."

ಅತ್ತೆ ಎದುರು ಮಾತಾಡುವವಳಲ್ಲ. ಹಿಂದಿನ ಜಗಲಿಯಲ್ಲಿ ಕೂತು ಒಂದು ಇಡೀ ಬುಟ್ಟಿ ಹಲಸಿನ ಬೀಜದ ಸಿಪ್ಪೆ ತೆಗೆದಳು. ಅಷ್ಟು ಬೀಜ ಯಾರಿಗೂ ಬೇಕಾಗಿರಲಿಲ್ಲ.

ಆಗ ಮನೆಗೆ ಬಂದದ್ದು ಸುಬ್ರಾಯಜ್ಜ. ಇವರು ಅಜ್ಜಿಯ ತಮ್ಮ, ಅಗಲ್ಪಾಡಿಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತರಾದವರು. ಅವರಿಗೆ ಕೋಟೆಯ ಹುಚ್ಚು. ಊಟಕ್ಕೆ ಕೂತರೂ ಅನ್ನದ ಸುತ್ತ ಸಾರಿಗೆ ಕಂದಕ ತೋಡಿ, ಉಪ್ಪಿನಕಾಯಿಯನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ ನನಗೆ ಪಾಠ ಮಾಡುತ್ತಿದ್ದರು. "ಸುಮನನ್ನು ನಾನು ಚಂದ್ರಗಿರಿ ಕೋಟೆಗೆ ಕರ್ಕೊಂಡು ಹೋಗ್ತೇನೆ" ಎಂದರು. ಸುಮ ಎಂದರೆ ನಾನು. ಅಜ್ಜಿ ಒಪ್ಪಿದರು.

"ನಾನು ಕಡವಿನವರೆಗೆ ಬರ್ಲಾ, ನೋಡ್ಲಿಕ್ಕೆ?" ಎಂದು ಕೇಳಿದಳು ಅತ್ತೆ. ಕಡವು ಎಂದರೆ ದೋಣಿ ಹತ್ತುವ ಜಾಗ.

ಅಜ್ಜಿ ಅವಳ ಮುಖ ನೋಡಿದರು. "ಬಾ. ನಾನೂ ಬರ್ತೇನೆ" ಎಂದರು. ಕಾವಲಿಗೆ ಎಂದು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಯಿತು.

ಕಡವು

ಮಾವಿನ ಹಣ್ಣಿನ ಕಾಲ, ಶುಕ್ರವಾರ, ಒಳ್ಳೆ ಬಿಸಿಲು. ದೋಣಿಯವರು ಮೊಯ್ದಿನ್ ಬ್ಯಾರಿ. ದಪ್ಪಗಿನ, ಮೀಸೆಯಿಲ್ಲದ ಮುಖ, ತಲೆಗೆ ಮುಂಡಾಸು, ಕೈಯಲ್ಲಿ ದೋಣಿ ದೂಡುವ ಆಳೆತ್ತರದ ಜಲ್ಲೆ. ಆ ದಿನ ಅವರಿಗೆ ಅವಸರ. ಆಚೆ ದಡದ ಮಸೀದಿಗೆ ಜುಮಾ ನಮಾಜಿಗೆ ಮುಟ್ಟಬೇಕು.

ನನ್ನ ಕೈಯಲ್ಲಿ ಅಜ್ಜಿ ಕಟ್ಟಿಕೊಟ್ಟ ಗಂಟು. ಅದರಲ್ಲಿ ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿಯ ಸಣ್ಣ ಭರಣಿ, ಮತ್ತು ನಮ್ಮ ಬಾವಿಯ ನೀರು ತುಂಬಿದ ತಂಬಿಗೆ. ಪರದೇಶದ ನೀರು ಮಗುವಿಗೆ ಆಗದಿದ್ದರೆ?

ಸುಬ್ರಾಯಜ್ಜ ಹತ್ತಿದರು, ನಾನು ಹತ್ತಿದೆ. ಕೂರುವ ಹಲಗೆಯ ಮೇಲೆ ಹೋದ ಸಲ ಯಾರೋ ಮೀನಿನ ಬುಟ್ಟಿ ಇಟ್ಟಿದ್ದರು. ಒದ್ದೆಯ ಗುರುತು ಇತ್ತು, ವಾಸನೆಯೂ ಇತ್ತು. ದಡದಲ್ಲಿದ್ದ ಅಜ್ಜಿಗೆ ಅದು ಕಂಡಿತು.

"ಏಳು, ಏಳು ಹೆಣ್ಣೇ. ಅದರ ಮೇಲೆ ಕೂತ್ಕೊಂಡು ಬಂದ್ರೆ ನಿನ್ನನ್ನು ಒಳಗೆ ಸೇರಿಸುದಿಲ್ಲ. ಆ ತಂಬಿಗೆ ಕೊಡು."

ಹಲಗೆಗೆ ನೀರು ಚಿಮುಕಿಸಿ ಶುದ್ಧ ಮಾಡದೆ ಅಜ್ಜಿಗೆ ಸಮಾಧಾನ ಇಲ್ಲ. ಸೀರೆ ಎತ್ತಿ ಕಟ್ಟಿ ದೋಣಿಗೆ ಇಳಿದರು, ಬಗ್ಗಿದರು, ಏನೋ ಹೇಳಿಕೊಳ್ಳುತ್ತ ಚಿಮುಕಿಸತೊಡಗಿದರು. ದೋಣಿಯ ಇನ್ನೊಂದು ತುದಿಯಲ್ಲಿ ಬೆನ್ನು ಹಾಕಿ ಹಗ್ಗ ಬಿಚ್ಚುತ್ತಿದ್ದ ಮೊಯ್ದಿನ್ ಬ್ಯಾರಿ ತಿರುಗಿ ನೋಡಿದಾಗ ಕಂಡದ್ದು ಇಷ್ಟು: ಮಾಷ್ಟ್ರು ಇದ್ದಾರೆ, ಮಗು ಉಂಟು, ದೊಡ್ಡಮ್ಮನೂ ಹತ್ತಿಯಾಯಿತು. ಜಲ್ಲೆ ಊರಿ ಒಂದು ದೂಡು ದೂಡಿದರು.

ಅಜ್ಜಿ ಬಗ್ಗಿದವರು ಹಾಗೆಯೇ ಹಲಗೆಯ ಮೇಲೆ ಕೂತುಬಿಟ್ಟರು.

"ಏ, ನಿಲ್ಲಿಸು, ನಿಲ್ಲಿಸು ಮಾರಾಯ. ನಾನು ಬರುದಲ್ಲ."

"ಬಂದಾಯ್ತಲ್ಲ ಅಮ್ಮ."

"ಹಲಗೆಗೆ ನೀರು ಹಾಕ್ಲಿಕ್ಕೆ ಬಂದದ್ದು. ಹಿಂದೆ ತಿರುಗಿಸು."

"ದೋಣಿಗೆ ಬ್ರೇಕ್ ಇಲ್ಲ ಅಮ್ಮ. ಇಳಿತ ಸುರುವಾಗಿದೆ. ಈಗ ತಿರುಗಿಸ್ಲಿಕ್ಕೆ ಹೋದ್ರೆ ಸೀದಾ ಅಳಿವೆಗೆ, ಅಲ್ಲಿಂದ ಸಮುದ್ರಕ್ಕೆ. ಮುಂದೆ ಮಕ್ಕವೇ ಸಿಗುದು. ಹಜ್ಜಿಗೆ ಹೋಗ್ಲಿಕ್ಕೆ ನಾನು ತಯಾರು. ನೀವು ತಯಾರುಂಟಾ?"

ಅಜ್ಜಿ ಎರಡೂ ಕೈಯಿಂದ ಹಲಗೆ ಹಿಡಿದುಕೊಂಡರು.

ನಾನು ದಡದ ಕಡೆ ನೋಡಿದೆ. ದಾಟಬೇಕೆಂದಿದ್ದ ಸಾವಿತ್ರತ್ತೆ ಕೊಡೆ ಹಿಡಿದು ದಡದಲ್ಲೇ ನಿಂತಿದ್ದಳು. ದಾಟಬಾರದು ಎಂದವರು ಹೊಳೆಯ ಮೇಲಿದ್ದರು. ಅತ್ತೆ ಬಾಯಿಗೆ ಸೆರಗು ಹಿಡಿದಿದ್ದಳು. ಗಾಬರಿಯಿಂದ ಎಂದು ಆಗ ಎಣಿಸಿದ್ದೆ.

ನಡುಹೊಳೆ

ದೋಣಿಯ ತಳದಲ್ಲಿ ಸ್ವಲ್ಪ ನೀರು ನಿಂತಿತ್ತು. ಹೊಳೆಯ ನೀರು ಕಾಲಿಗೆ ತಾಗಬಾರದೆಂದು ಅಜ್ಜಿ ಎರಡೂ ಕಾಲು ಮೇಲೆತ್ತಿ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿದರು. ದೋಣಿ ಆಚೆ ಈಚೆ ವಾಲಿದಾಗೆಲ್ಲ ನನ್ನ ಜಡೆ ಹಿಡಿದುಕೊಳ್ಳುತ್ತಿದ್ದರು.

ಸುಬ್ರಾಯಜ್ಜನಿಗೆ ಪಾಠಕ್ಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಕ್ಕಲಿಕ್ಕಿಲ್ಲ. ಓಡಿಹೋಗುವ ವಿದ್ಯಾರ್ಥಿಗಳೇ ಇಲ್ಲ. ಊರುಗೋಲು ಎತ್ತಿ ಎದುರಿನ ಗುಡ್ಡ ತೋರಿಸಿದರು. ಗುಡ್ಡದ ನೆತ್ತಿಯಲ್ಲಿ ಕೆಂಪು ಗೋಡೆಯೊಂದು ಕಾಡುಬಳ್ಳಿಯ ಎಡೆಯಿಂದ ಇಣುಕುತ್ತಿತ್ತು.

"ನೋಡು ಸುಮಾ, ಇಕ್ಕೇರಿಯ ನಾಯಕರು ಘಟ್ಟ ಇಳಿದು ಬಂದು ಕರಾವಳಿ ಉದ್ದಕ್ಕೂ ಕೋಟೆ ಕಟ್ಟಿದ್ರು. ಕುಂಬಳೆ ಹತ್ತಿರ ಒಂದು, ಇಲ್ಲೊಂದು, ತೆಂಕಕ್ಕೆ ಹೋದ್ರೆ ಬೇಕಲ, ಹೊಸದುರ್ಗ. ಎಲ್ಲ ಈ ಕೆಂಪು ಮುರಕಲ್ಲಿನದ್ದು. ಈ ಹೊಳೆ ಆಗ ಗಡಿ. ಈಚೆ ತುಳುನಾಡು, ಆಚೆ ಕೋಲತ್ತಿರಿ ಅರಸರ ಸೀಮೆ. ಒಬ್ಬರು ದಾಟಿ ಬರುದು, ಇನ್ನೊಬ್ಬರು ಓಡಿಸುದು. ಎಷ್ಟೋ ಕಾಲ ಇದೇ ಕೆಲಸ."

"ಗಡಿ ಎಲ್ಲಿ ಅಜ್ಜ? ನೀರಿನಲ್ಲಿ ಗೆರೆ ಇತ್ತಾ?" ಎಂದು ನಾನು ಬಗ್ಗಿ ನೋಡಿದೆ.

"ನನ್ನ ಜಲ್ಲೆಗೆ ಇಷ್ಟರವರೆಗೆ ಎಂತದೂ ತಾಗ್ಲಿಲ್ಲ ಮೋಳೇ" ಎಂದರು ಮೊಯ್ದಿನ್ ಬ್ಯಾರಿ. "ಒಂದು ಸುರಂಗ ಮಾತ್ರ ಉಂಟಂತೆ. ಕೋಟೆಯಿಂದ ಹೊಳೆಯ ಅಡಿಗೆ ಹೋಗಿ ಆಚೆ ಹತ್ತುದು. ನನ್ನ ಅಜ್ಜ, ಉಪ್ಪಪ್ಪ ಹೇಳ್ತಿದ್ರು."

"ಸುರಂಗ ಎಲ್ಲ ಸುಳ್ಳು" ಎಂದರು ಸುಬ್ರಾಯಜ್ಜ.

"ಸುಳ್ಳಾದ್ರೆ ಒಳ್ಳೆದೇ ಮಾಷ್ಟ್ರೆ. ನಿಜ ಆದ್ರೆ ನನ್ನ ದೋಣಿಗೆ ಜನ ಎಲ್ಲಿ?"

ಅಜ್ಜಿ ಮಾತ್ರ ಬೇರೆ ಲೆಕ್ಕದಲ್ಲಿದ್ದರು. "ಸುಬ್ರಾಯ, ಕಾಲು ನೆಲಕ್ಕೆ ತಾಗಿದ್ರೆ ತಾನೇ ದಾಟಿದ ಹಾಗೆ?"

ಸುಬ್ರಾಯಜ್ಜ ಅಕ್ಕನ ಮುಖ ನೋಡಿ, "ಹೌದಕ್ಕ, ಕಾಲು ತಾಗ್ಬೇಕು" ಎಂದರು.

"ಹಾಗಾದ್ರೆ ನಾನು ದೋಣಿಯಲ್ಲೇ ಕೂತ್ಕೊಳ್ತೇನೆ. ನೀವು ನೋಡಿ ಬನ್ನಿ. ಇದೇ ದೋಣಿಯಲ್ಲಿ ಹಿಂದೆ ಹೋಗುದು."

ಆಚೆ ದಡ

ಪರದೇಶ ಹೇಗಿರುತ್ತದೆ ಎಂದು ನಾನು ಬಹಳ ಯೋಚಿಸಿಟ್ಟಿದ್ದೆ. ನಮ್ಮ ಪೇಟೆಯಲ್ಲೂ ಮಲಯಾಳ ಕೇಳುತ್ತಿತ್ತು, ಆದರೆ ಅದು ಇಲ್ಲಿಗೆ ಬಂದ ಮಲಯಾಳ. ಅಲ್ಲಿ ಕಾಗೆಗಳೂ ಮಲಯಾಳದಲ್ಲೇ ಕೂಗುತ್ತವೆ ಎಂದು ನಂಬಿದ್ದೆ. ಇಳಿದ ಕೂಡಲೇ ಕಿವಿಗೊಟ್ಟೆ. ನಮ್ಮ ಕಾಗೆಯೇ. ತೆಂಗಿನ ಮರವೂ ನಮ್ಮದೇ, ನೆರಳು ಬೀಳುವುದೂ ಅದೇ ಬದಿಗೆ. ಒಂದು ನಾಯಿ ಬಂದು ನನ್ನ ಗಂಟನ್ನು ಮೂಸಿ ಉಪ್ಪಿನಕಾಯಿ ಎಂದು ಗೊತ್ತಾಗಿ ಬಿಟ್ಟುಹೋಯಿತು. ನನಗೆ ಸ್ವಲ್ಪ ಬೇಜಾರಾಯಿತು. ಇಷ್ಟು ದೂರ ಬಂದು ಎಲ್ಲ ಮನೆಯ ಹಾಗೆಯೇ ಇದ್ದರೆ ಯಾರಿಗೆ ಏನು ಹೇಳುವುದು?

ಬೇರೆ ಇದ್ದದ್ದು ಒಂದೇ, ಹೆಂಗಸರು. ಬೆಳ್ಳಗಿನ ಮುಂಡು, ಕಿವಿಯ ದೊಡ್ಡ ತೂತು, ತಲೆಯ ಒಂದು ಬದಿಗೆ ಕಟ್ಟಿದ ಗಂಟು. ದಾರಿಯಲ್ಲಿ ಸಿಕ್ಕಿದ ಒಬ್ಬಳು ನನ್ನ ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ನಕ್ಕು ಹೋದಳು.

ಮೊಯ್ದಿನ್ ಬ್ಯಾರಿ ದೋಣಿಯನ್ನು ಗೂಟಕ್ಕೆ ಕಟ್ಟಿದರು. "ನಮಾಜು ಮುಗಿಸಿ, ಉಂಡು ಬರ್ತೇನೆ ಅಮ್ಮ. ಅಷ್ಟರವರೆಗೆ ಬೇರೆ ದೋಣಿ ಇಲ್ಲ" ಎಂದು ಮುಂಡಾಸು ಬಿಚ್ಚಿ ಕೊಡವಿಕೊಂಡು ನಡೆದರು.

ನಾವು ಗುಡ್ಡದ ದಾರಿ ಹಿಡಿದೆವು. ಅಜ್ಜಿ ದೋಣಿಯಲ್ಲಿ ಕೂತರು. ಕೊಡೆ ಅತ್ತೆಯ ಹತ್ತಿರ ಉಳಿದಿತ್ತು, ಹಾಗಾಗಿ ತಲೆಗೆ ಸೆರಗೇ ಗತಿ. ನಾವು ಸ್ವಲ್ಪ ದೂರ ಹೋಗಿರಲಿಲ್ಲ, ಹಿಂದಿನಿಂದ ಕರೆ ಬಂತು.

"ಸುಮಾ. ಇಲ್ಲಿ ಬಾ. ನೀನೊಬ್ಬಳೇ."

ಹೋದೆ. ಅಜ್ಜಿ ಕಿವಿಯಲ್ಲಿ ಹೇಳಿದರು. "ನನಗೆ ಒಂದಕ್ಕೆ ಹೋಗ್ಬೇಕು."

ಸುತ್ತಲೂ ನೋಡಿದೆವು. ಮುಂದೆ ಬಯಲು, ಹಿಂದೆ ಹೊಳೆ, ಪಕ್ಕದಲ್ಲಿ ಬಲೆ ಹೊಲಿಯುವ ಗಂಡಸರು. ಅಜ್ಜಿ ಸ್ವಲ್ಪ ಹೊತ್ತು ತಡೆದರು. ಇಕ್ಕೇರಿಯವರು ಕೋಲತ್ತಿರಿಯವರನ್ನು ಎಷ್ಟು ತಡೆದರೋ ಗೊತ್ತಿಲ್ಲ, ಇದು ಬಹಳ ಹೊತ್ತು ತಡೆಯುವಂಥದ್ದಲ್ಲ.

"ಆ ಕೋಟೆಯಲ್ಲಿ ಮರೆ ಉಂಟಾ?" ಎಂದು ಕೇಳಿದರು.

"ಕೋಟೆ ಅಂದ್ರೆ ಮರೆಯೇ ಅಲ್ವಾ ಅಜ್ಜಿ" ಎಂದೆ.

ಅಜ್ಜಿ ಎದ್ದರು. ಹೊಳೆಯ ಕಡೆ ತಿರುಗಿ ಕೈಮುಗಿದರು. ಆಮೇಲೆ ಬಲಗಾಲು ಮೊದಲು ನೆಲಕ್ಕೆ ಇಟ್ಟರು, ಹೊಸ ಮನೆಗೆ ಹೊಕ್ಕ ಹಾಗೆ. ಅಲ್ಲಿಂದ ಗುಡ್ಡ ಹತ್ತಿದ ವೇಗ ನೋಡಬೇಕಿತ್ತು. ಸುಬ್ರಾಯಜ್ಜ ಊರುಗೋಲು ಹಿಡಿದು ಹಿಂದೆ ಉಳಿದರು.

ಕೋಟೆಯ ಒಳಗೆ

ಬಾಗಿಲು ಇದ್ದ ಜಾಗದಲ್ಲಿ ಬಾಗಿಲು ಇರಲಿಲ್ಲ. ಒಳಗೆ ಹೊಕ್ಕರೆ ದೊಡ್ಡ ಬಯಲು, ಮುಳಿಹುಲ್ಲು, ನಡುನಡುವೆ ಆಡುಗಳು. ಸುತ್ತ ಗೋಡೆ ಇತ್ತು. ಕೆಲವು ಕಡೆ ಆನೆಯೂ ಹತ್ತಲಾರದಷ್ಟು ಎತ್ತರ, ಕೆಲವು ಕಡೆ ಆಡಿನ ಮರಿಯೂ ಹಾರುವಷ್ಟು ತಗ್ಗು. ತಗ್ಗಾದ ಕಡೆಯ ಕಲ್ಲುಗಳೆಲ್ಲ ಕೆಳಗಿನ ಮನೆಗಳ ಮೆಟ್ಟಿಲಾಗಿ ಕೂತಿದ್ದನ್ನು ನಾನು ಬರುವಾಗಲೇ ನೋಡಿದ್ದೆ. ಅಜ್ಜಿ ಮೂಲೆಯ ದಪ್ಪ ಬುರುಜಿನ ಹಿಂದೆ ಮರೆಯಾದರು. ಅರಸರು ಕಟ್ಟಿದ ಕೋಟೆ ಆ ದಿನ ನಮ್ಮ ಮನೆಯ ಮಾನ ಉಳಿಸಿತು.

ಸುಬ್ರಾಯಜ್ಜ ಏದುಸಿರು ಬಿಡುತ್ತ ಬಂದು, ಸುಧಾರಿಸಿಕೊಳ್ಳುವ ಮೊದಲೇ ಪಾಠ ಸುರು ಮಾಡಿದರು. "ಇಲ್ಲಿ ತೋಪು ಇಡ್ತಿದ್ರು. ಈ ಕಿಂಡಿಯಿಂದ ಹೊಳೆಗೆ ಗುರಿ. ನಾಯಕರ ನಂತರ ಹೈದರ, ಹೈದರನ ನಂತರ ಟಿಪ್ಪು, ಟಿಪ್ಪು ಹೋದ ಮೇಲೆ ಕುಂಪಣಿಯವರು. ಕುಂಪಣಿಯವರಿಗೆ ಎರಡೂ ದಡ ಸಿಕ್ಕಿತಲ್ಲ, ಮತ್ತೆ ಗಡಿ ಯಾಕೆ, ಕೋಟೆ ಯಾಕೆ? ಹಾಗೇ ಬಿಟ್ರು." ಅಷ್ಟರಲ್ಲಿ ಅವರ ಕಣ್ಣು ಒಂದು ಕಡೆ ನಿಂತಿತು. "ಸುಮಾ. ತೋಪಿನ ಗುಂಡು."

ಬಂಡೆಯ ಮೇಲೆ ಉದ್ದದ ಚಾಪೆ ಹಾಸಿತ್ತು. ಅದರ ಮೇಲೆ ಹಳದಿಯಾಗಿ ಮಾವಿನ ರಸ ಒಣಗುತ್ತಿತ್ತು, ನಾವು ಮಾಂಬಳ ಮಾಡುವಂಥದ್ದೇ. ಚಾಪೆಯ ತುದಿಯ ಮೇಲೆ ಗುಂಡಗಿನ ಒಂದು ಕಲ್ಲು. ಸುಬ್ರಾಯಜ್ಜ ಎರಡೂ ಕೈಯಿಂದ ಅದನ್ನು ಎತ್ತಿ, ತಿರುಗಿಸಿ, ಬಿಸಿಲಿಗೆ ಹಿಡಿದು, "ಇಕ್ಕೇರಿಯವರದ್ದೇ" ಎಂದರು.

ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಭಾರ ಹೋದ ಚಾಪೆ ಎದ್ದು ಅರ್ಧಕ್ಕೆ ಮಡಚಿಕೊಂಡಿತು. ಎಲ್ಲಿದ್ದವೋ ಆಡುಗಳು, ಎಲ್ಲವೂ ಒಟ್ಟಿಗೆ ಬಂದವು.

"ಆರಾ ಅದ್?" ಯಾರದು ಎಂಬ ಕೂಗು ಬಂತು. ಗೋಡೆಯ ನೆರಳಿನಿಂದ ಬಿಳಿ ಮುಂಡಿನ ಮುದುಕಿಯೊಬ್ಬಳು ಕೋಲು ಬೀಸುತ್ತ ಓಡಿ ಬಂದಳು. ಆಡುಗಳನ್ನು ಓಡಿಸಿ, ಅದೇ ಕೋಲನ್ನು ಸುಬ್ರಾಯಜ್ಜನ ಕಡೆ ತಿರುಗಿಸಿ ಮಲಯಾಳದಲ್ಲಿ ಬೈಯತೊಡಗಿದಳು. ಮಾತು ಪೂರ್ತಿ ಅರ್ಥ ಆಗದಿದ್ದರೂ ಯಾರಿಗೆ ಬೈದದ್ದು ಎಂದು ಅರ್ಥ ಆಗುತ್ತಿತ್ತು.

"ಇದು ತೋಪಿನ ಗುಂಡು, ಚರಿತ್ರೆಯ ವಸ್ತು" ಎಂದು ಸುಬ್ರಾಯಜ್ಜ ಹಿಂದೆ ಹಿಂದೆ ಸರಿದರು.

"ಅದು ನನ್ನ ಚಾಪೆಯ ಕಲ್ಲು. ಇಡು ಕೆಳಗೆ."

ಆಗ ಬುರುಜಿನ ಹಿಂದಿನಿಂದ ಅಜ್ಜಿ ಬಂದರು. ಬಂದವರು ಮೊದಲು ನೋಡಿದ್ದು ತಮ್ಮನನ್ನಲ್ಲ, ಚಾಪೆಯನ್ನು. ಮಡಚಿಕೊಂಡಲ್ಲಿ ರಸ ರಸಕ್ಕೆ ಅಂಟಿ ಹಾಳಾಗಿತ್ತು.

"ಅಯ್ಯೋ, ಎಷ್ಟು ದಿನದ ಕೆಲಸ ಇದು. ನಿನಗೆ ಬುದ್ಧಿ ಉಂಟಾ ಸುಬ್ರಾಯ? ಇಷ್ಟು ವರ್ಷ ಮಕ್ಕಳಿಗೆ ಎಂತ ಕಲಿಸಿದ್ದು ನೀನು?"

ಮುದುಕಿ ಬೈಯುವುದನ್ನು ನಿಲ್ಲಿಸಿ ಅಜ್ಜಿಯನ್ನು ನೋಡಿದಳು. ತನ್ನ ಕೆಲಸವನ್ನು ಬೇರೆಯವರು ಅಷ್ಟು ಚೆನ್ನಾಗಿ ಮಾಡುವಾಗ ಸುಮ್ಮನಿರುವುದೇ ಒಳ್ಳೆದು ಎಂದು ಅವಳಿಗೆ ಕಂಡಿರಬೇಕು. ಅಜ್ಜಿ ಮೊಣಕಾಲೂರಿ ಕೂತು ಮಡಿಕೆಯನ್ನು ಉಗುರಿನಿಂದ ಬಿಡಿಸತೊಡಗಿದರು. ಮುದುಕಿ ಇನ್ನೊಂದು ತುದಿಯಿಂದ ಬಿಡಿಸಿದಳು. ಸುಬ್ರಾಯಜ್ಜ ಕಲ್ಲನ್ನು ಇದ್ದಲ್ಲೇ ಇಟ್ಟು, ದೂರ ಹೋಗಿ ಆಡುಗಳ ನಡುವೆ ನಿಂತರು.

ಆಕೆಯ ಹೆಸರು ಮಾಧವಿಯಮ್ಮ. ಕೋಟೆಯ ಬುಡದಲ್ಲೇ ಮನೆ. ಆಕೆಗೆ ಸ್ವಲ್ಪ ಕನ್ನಡ, ಅಜ್ಜಿಗೆ ಸ್ವಲ್ಪ ಮಲಯಾಳ, ನಡುವೆ ಬೇಕಾದಷ್ಟು ತುಳು. ನಾನು ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಹಾಳಾಗದೆ ಉಳಿದ ಕಡೆಯಿಂದ ಮಾಧವಿಯಮ್ಮ ಒಂದು ತುಂಡು ಹರಿದು ಅಜ್ಜಿಗೆ ಕೊಟ್ಟಳು. ನಾನು ಉಸಿರು ಹಿಡಿದೆ. ಬೇರೆಯವರ ಮನೆಯಲ್ಲಿ ನೀರೂ ಮುಟ್ಟದ ಅಜ್ಜಿ.

ಅಜ್ಜಿ ತುಂಡನ್ನು ತಿರುಗಿಸಿ ನೋಡಿದರು. "ಬಿಸಿಲಿನಲ್ಲಿ ಆದದ್ದಕ್ಕೆ ಮುಸುರೆ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಬಾಯಿಗೆ ಹಾಕಿದರು. ಜಗಿದರು. "ಸ್ವಲ್ಪ ಉಪ್ಪು ಸಾಲದು" ಎಂದರು. ನಾನು ಉಸಿರು ಬಿಟ್ಟೆ.

ಬುರುಜಿನ ಮೇಲೆ

ಗಂಟು ಬಿಚ್ಚಿದೆವು. ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿ. ಉಪ್ಪಿನಕಾಯಿಯನ್ನು ಮಾಧವಿಯಮ್ಮ ಎರಡೆರಡು ಸಲ ಹಾಕಿಸಿಕೊಂಡಳು. ಗಾಳಿ ಇದೆ ಎಂದು ಬುರುಜಿನ ಮೇಲೆ ಹತ್ತಿ ಕೂತೆವು.

ಕೋಟೆ ಕಟ್ಟಿದ್ದು ಯಾರು ಎಂದು ಅಲ್ಲಿ ಒಂದು ಜಗಳ ಆಯಿತು. ಇಕ್ಕೇರಿಯವರು ಎಂದರು ಸುಬ್ರಾಯಜ್ಜ. ಜಾಗ ಮೊದಲಿನಿಂದ ನಮ್ಮ ರಾಜರದ್ದು, ನಿಮ್ಮ ಇಕ್ಕೇರಿಯವರು ಬಂದು ಮೇಲಿಂದ ಕಲ್ಲು ಇಟ್ಟದ್ದು ಎಂದಳು ಮಾಧವಿಯಮ್ಮ.

"ಮೇಲಿಂದ ಕಲ್ಲು ಇಡುದಕ್ಕೇ ಕಟ್ಟುದು ಅಂತ ಹೇಳುದು" ಎಂದರು ಸುಬ್ರಾಯಜ್ಜ.

"ನೀವು ಕಲ್ಲು ಎತ್ತುದನ್ನು ನಾನು ನೋಡಿದ್ದೇನೆ ಮಾಷ್ಟ್ರೆ" ಎಂದಳು ಆಕೆ. ಅಜ್ಜಿಗೆ ನಗು ಬಂದು ಅವಲಕ್ಕಿ ನೆತ್ತಿಗೆ ಹತ್ತಿತು.

ಕೆಮ್ಮು ನಿಂತ ಮೇಲೆ ಅಜ್ಜಿ ಕಣ್ಣೊರೆಸಿಕೊಂಡು ಹೊಳೆಯ ಕಡೆ ನೋಡಿದರು. ನೋಡಿದವರು ಹಾಗೆಯೇ ಇದ್ದರು. ಹೊಳೆ, ರೈಲಿನ ಸೇತುವೆ, ಅಳಿವೆ, ಸಮುದ್ರ, ಎಲ್ಲ ಕಾಣುತ್ತಿತ್ತು. ಆಚೆಗೆ ಒಂದೇ ಸಮನೆ ತೆಂಗಿನ ತೋಟ, ಅದರೊಳಗೆ ಎಲ್ಲಿಯೋ ನಮ್ಮ ಮನೆ.

"ಸುಬ್ರಾಯ, ಅದಾ ನಮ್ಮ ಊರು?"

"ಹೌದಕ್ಕ."

"ಅಷ್ಟೇಯಾ?"

ಆಮೇಲೆ ಅಜ್ಜಿ ಕೈ ಅಡ್ಡ ಹಿಡಿದು ನೀರಿನ ಅಂಚಿಗೆ ನೋಡಿದರು. ಕಡವಿನಲ್ಲಿ ಒಂದು ಕಪ್ಪು ಚುಕ್ಕಿ, ಅದರ ಕೆಳಗೆ ಸ್ವಲ್ಪ ಹಸಿರು. ಕೊಡೆ ಮತ್ತು ಸೀರೆ. ಸಾವಿತ್ರತ್ತೆ ನಾವು ಬಿಟ್ಟ ಜಾಗದಲ್ಲೇ ಕೂತಿದ್ದಳು. ಮನೆಗೆ ಹೋಗಬಹುದಿತ್ತು, ಹೋಗಿರಲಿಲ್ಲ.

"ಅದು ನನ್ನ ಮಗಳು" ಎಂದರು ಅಜ್ಜಿ. "ಈ ಬದಿಯ ಶಾಲೆಗೆ ಟೀಚರ್ ಅಂತ ಕರೆದಿದ್ದಾರೆ."

"ಮತ್ತೆ ಅಲ್ಲಿ ಯಾಕೆ ಕೂತಿದ್ದಾಳೆ?"

"ನಮ್ಮ ಮನೆಯ ಹೆಂಗಸರು ಹೊಳೆ ದಾಟುವ ಕ್ರಮ ಇಲ್ಲ."

ಮಾಧವಿಯಮ್ಮ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮಲ್ಲೂ ಇಲ್ಲ" ಎಂದಳು. "ನಮ್ಮ ತರವಾಡು ಮನೆತನದ ಹೆಂಗಸರು ಬಡಗಕ್ಕೆ ದಾಟ್ಲಿಕ್ಕಿಲ್ಲ. ನನ್ನ ಮಗಳ ಮಗಳು ಶಾರದ, ಇಲ್ಲಿಯ ಶಾಲೆಯಲ್ಲಿ ಇದ್ದಷ್ಟು ಕಲಿತು ಮುಗಿಸಿದಳು. ಮುಂದೆ ಕಲಿಯಬೇಕಾದ್ರೆ ನಿಮ್ಮ ಕಾಸರಗೋಡಿಗೆ ಬರಬೇಕು. ನಾನು ಕಳಿಸ್ಲಿಲ್ಲ. ಈಗ ನನ್ನತ್ರ ಮಾತಾಡುದಿಲ್ಲ ಅವಳು. ಆಡಿನ ಹತ್ತಿರ ಮಾತಾಡ್ತಾಳೆ."

"ಕ್ರಮ ಯಾಕೆ ಮಾಡಿದ್ದಂತೆ ನಿಮ್ಮಲ್ಲಿ?"

"ಯಾರಿಗೆ ಗೊತ್ತು? ನೀವು ಬರುದಿಲ್ಲ ಅಂತ ಇರಬೇಕು."

"ನೀವು ಬರುದಿಲ್ಲ ಅಂತ ನಾವು ಮಾಡಿದ್ದೋ ಎಂತದೋ" ಎಂದರು ಅಜ್ಜಿ.

ಸುಬ್ರಾಯಜ್ಜ ಗಂಟಲು ಸರಿ ಮಾಡಿಕೊಂಡರು. "ಅದು ಗಡಿಯ ವಿಷಯ ಅಕ್ಕ. ಹೆಣ್ಣು ದಾಟಿದ್ರೆ ಅವಳ ಮಕ್ಕಳು ಆಚೆ ಅರಸನ ಜನ ಆಗ್ತಾರೆ. ಅದಕ್ಕೆ ಎರಡೂ ಕಡೆ ಕಟ್ಟು ಮಾಡಿರಬೇಕು, ಅಂತ ನನ್ನ ಅಂದಾಜು."

"ಆ ಅರಸರು ಎಲ್ಲಿದ್ದಾರೆ ಈಗ?"

"ಹೋದ್ರು."

"ಇಲ್ಲಿ ಕಾವಲಿಗೆ ಇದ್ದವರು?"

"ಅವರೂ ಹೋದ್ರು. ಬ್ರಿಟಿಷರೂ ಹೋದ್ರು ಮೊನ್ನೆ."

"ಹಾಗಾದ್ರೆ ಈ ಹೊಳೆ ಕಾಯುದು ಈಗ ಯಾರು?"

ಸುಬ್ರಾಯಜ್ಜ ಅಕ್ಕನನ್ನು ನೋಡಿದರು, ಮಾಧವಿಯಮ್ಮನನ್ನು ನೋಡಿದರು, ಆಮೇಲೆ ಬಹಳ ಜಾಗ್ರತೆಯಿಂದ ಒಂದು ಆಡನ್ನು ನೋಡಿದರು. ಮೊದಲು ನಕ್ಕದ್ದು ಮಾಧವಿಯಮ್ಮ. ಅಜ್ಜಿ ನಗಲಿಲ್ಲ. ಕಪ್ಪು ಕೊಡೆಯ ಚುಕ್ಕಿಯನ್ನೇ ನೋಡುತ್ತ ಕೂತಿದ್ದರು.

"ಮಳೆಗಾಲದಲ್ಲಿ ಈ ಹೊಳೆ ಹೇಗೆ ಬರ್ತದೆ ಅಂತ ನಿನಗೆ ಗೊತ್ತುಂಟಲ್ಲ" ಎಂದರು ಕೊನೆಗೆ ಮಾಧವಿಯಮ್ಮನಿಗೆ. ಇಷ್ಟು ದಿನ ಕ್ರಮದ ಹಿಂದೆ ಅಡಗಿಸಿಟ್ಟಿದ್ದ ಹೆದರಿಕೆ ಆಗ ಹೊರಗೆ ಬಂತು. "ಸಂಜೆ ಕತ್ತಲಾಗ್ತದೆ. ಅವಳು ಹೊರಟಳಾ ಇಲ್ವಾ, ದೋಣಿ ಸಿಕ್ಕಿತಾ ಇಲ್ವಾ, ನಾನು ಆಚೆ ಕೂತು ಎಂತ ಅಂತ ತಿಳ್ಕೊಳ್ಳುದು?"

ಮಾಧವಿಯಮ್ಮ ಹೆಗಲ ಮೇಲಿದ್ದ ಬಿಳಿ ಮೇಲ್ಮುಂಡನ್ನು ತೆಗೆದು ಬುರುಜಿನ ಅಂಚಿಗೆ ಹಿಡಿದಳು. ಗಾಳಿಗೆ ಅದು ಪಟಪಟ ಎಂದಿತು. "ಸಂಜೆ ನಾನು ಆಡು ಹೊಡ್ಕೊಂಡು ಹೋಗ್ಲಿಕ್ಕೆ ಹೇಗೂ ಬರ್ತೇನೆ. ಅವಳು ದೋಣಿ ಹತ್ತಿದ್ದು ಕಂಡ ಕೂಡಲೇ ಇಲ್ಲಿ ಇದನ್ನು ಕಟ್ತೇನೆ. ಹೊಳೆ ಕೆಟ್ಟಿದ್ರೆ ಕಟ್ಟುದಿಲ್ಲ, ಅವಳು ನನ್ನಲ್ಲೇ ಉಳಿತಾಳೆ. ಬೇರೆ ಒಲೆ ಹಾಕಿ ಕೊಡ್ತೇನೆ, ಅವಳೇ ಬೇಯಿಸಿ ಉಣ್ಲಿ."

ಹೊಳೆಯ ಆಚೆ ಕೊಡೆ ಅಲುಗಿತು. ಕೆಳಗಿನ ಚುಕ್ಕಿ ಎದ್ದು ನಿಂತಿತ್ತು. ಬಿಳಿ ಬಟ್ಟೆ ಅಲ್ಲಿಗೆ ಕಾಣುತ್ತದೆ ಎಂದು ನಮಗೆ ಗೊತ್ತಾಯಿತು.

"ನಿನ್ನ ಶಾರದ ಬರ್ಲಿ" ಎಂದರು ಅಜ್ಜಿ. "ನಮ್ಮ ಕಡವಿನ ತೆಂಗಿನ ಮರಕ್ಕೆ ನಾನು ಕೆಂಪು ಸೀರೆ ಕಟ್ತೇನೆ."

ಎಷ್ಟೋ ಅರಸರು ಆ ಕೋಟೆಯಲ್ಲಿ ಒಪ್ಪಂದ ಮಾಡಿಕೊಂಡಿರಬಹುದು. ಉಪ್ಪಿನಕಾಯಿ ಭರಣಿ ನಡುವೆ ಇಟ್ಟು ಮಾಡಿದ್ದು ಇದೊಂದೇ ಇರಬೇಕು. ಭರಣಿ ಮಾಧವಿಯಮ್ಮನ ಬಳಿಯೇ ಉಳಿಯಿತು.

ವಾಪಸು

ಮೊಯ್ದಿನ್ ಬ್ಯಾರಿ ಬಂದಾಗ ಅಜ್ಜಿ ದೋಣಿಯಲ್ಲಿ ಮೊದಲಿನ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಇಳಿದೇ ಇಲ್ಲ ಎನ್ನುವ ಮುಖ. ಸೀರೆಯ ಅಂಚಿನಲ್ಲಿ ಮುಳಿಹುಲ್ಲು ಅಂಟಿತ್ತು, ಬ್ಯಾರಿ ಅದನ್ನು ನೋಡಿದರು, ಏನೂ ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಈಚೆ ದಡದಲ್ಲಿ ಸಾವಿತ್ರತ್ತೆ ನೀರಿನವರೆಗೆ ಬಂದು ಅಜ್ಜಿಯ ಕೈ ಹಿಡಿದು ಇಳಿಸಿದಳು. ಮುಖ ಬಿಸಿಲಿಗೆ ಕೆಂಪಾಗಿತ್ತು.

"ದಾಟಿದ್ರಾ ಅಮ್ಮ?" ಎಂದು ಬಹಳ ಮೆಲ್ಲ ಕೇಳಿದಳು.

"ನಾನು ದಾಟಿದ್ದಲ್ಲ. ದೋಣಿ ದಾಟಿದ್ದು."

ಮನೆಯ ದಾರಿಯಲ್ಲಿ ಅರ್ಧಕ್ಕೆ ಬಂದಾಗ ಅಜ್ಜಿ ತಿರುಗಿ ನೋಡದೆ ಕೇಳಿದರು. "ಶಾಲೆ ಸುರುವಾಗುದು ಯಾವಾಗ?"

ಅತ್ತೆ ಹೇಳಿದಳು.

"ಆ ಹಸಿರು ಸೀರೆ ಬೇಡ. ದೂರಕ್ಕೆ ಸರಿ ಕಾಣುದಿಲ್ಲ. ಹಳದಿ ಉಡು."

ಅತ್ತೆ ನನ್ನನ್ನು ಎತ್ತಿ ದಾರಿಯಲ್ಲೇ ಒಂದು ಸುತ್ತು ತಿರುಗಿಸಿದಳು. ಈ ಸಲ ಇಳಿಸಲು ಅವಸರ ಮಾಡಲಿಲ್ಲ.

ಆ ಜೂನಿನಿಂದ ನಮ್ಮ ಸಂಜೆ ಬೇರೆಯೇ ಆಯಿತು. ದೀಪ ಹಚ್ಚುವ ಮೊದಲು ಅಜ್ಜಿ ಕಡವಿಗೆ ಬಂದು ನಿಲ್ಲುವರು. ಮಳೆ ಇರಲಿ, ಮೋಡ ಇರಲಿ, ಗುಡ್ಡದ ನೆತ್ತಿಯಲ್ಲಿ ಬಿಳಿ ಕಾಣುವವರೆಗೆ ಅಲುಗುವುದಿಲ್ಲ. ಕಂಡರೆ, "ಹೊರಟಳು" ಎನ್ನುವರು. ಆಮೇಲೆ ನಮ್ಮ ಕಡೆ ಶಾಲೆ ಮುಗಿಸಿದ ಶಾರದ ದೋಣಿ ಹತ್ತಿದ ಕೂಡಲೇ ಕೆಂಪು ಸೀರೆಯ ತುಂಡು ಏರುವುದು. ಎಷ್ಟೋ ಕಾಲದಿಂದ ಆಡು ಮೇಯಿಸುವುದು ಬಿಟ್ಟರೆ ಕೆಲಸವಿಲ್ಲದಿದ್ದ ಕೋಟೆ ಮತ್ತೆ ಹೊಳೆ ನೋಡತೊಡಗಿತು. ಸುಬ್ರಾಯಜ್ಜ ಇದನ್ನು ತಮ್ಮ ಪಾಠದಲ್ಲಿ ಸೇರಿಸಿದರು. ನಾಯಕರು, ಹೈದರ, ಟಿಪ್ಪು, ಕುಂಪಣಿ, ಅಕ್ಕ.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ, ನಾನು ಕಡವಿನಿಂದ ಓಡಿ ಬಂದು ಹೇಳಿದೆ, ಕೋಟೆಯಲ್ಲಿ ಬಟ್ಟೆ ಕಟ್ಟಿದ್ದಾರೆ ಎಂದು. ಅತ್ತೆ ಮನೆಯಲ್ಲೇ ತಲೆ ಬಾಚುತ್ತಿದ್ದಳು. ಶಾರದಳಿಗೂ ರಜೆ. ಅಜ್ಜಿ ನನ್ನ ಜೊತೆ ಕಡವಿಗೆ ಬಂದು ನೋಡಿದರು. ಬಿಳಿ ಬಟ್ಟೆ ಹಗಲಿನ ಬೆಳಕಿನಲ್ಲಿ ಸುಮ್ಮನೆ ಹಾರುತ್ತಿತ್ತು.

"ಯಾರು ಹೊರಟದ್ದು ಅಜ್ಜಿ?" ಎಂದೆ.

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದರು. "ಉಪ್ಪಿನಕಾಯಿ ಮುಗಿದಿರಬೇಕು" ಎಂದರು. ಮನೆಗೆ ಹೋಗಿ ಹೊಸ ಭರಣಿಗೆ ಬಟ್ಟೆ ಕಟ್ಟಿಕೊಂಡು ಬಂದರು.

ಕಡವಿನಲ್ಲಿ ಹಲಗೆ ಎಂದಿನಂತೆ ಒದ್ದೆ. ಮೊಯ್ದಿನ್ ಬ್ಯಾರಿ ಜಲ್ಲೆ ಹಿಡಿದು ಕಾದರು. "ನೀರು ಚಿಮುಕಿಸುದಿಲ್ವಾ ಅಮ್ಮ? ಈ ಸಲ ನಾನು ನಿಲ್ಲಿಸ್ತೇನೆ" ಎಂದರು.

ಅಜ್ಜಿ ಭರಣಿಯನ್ನು ಮಡಿಲಲ್ಲಿಟ್ಟು ಕೂತರು. ಕಾಲು ಕೆಳಗೇ ಬಿಟ್ಟಿದ್ದರು.

"ಸುತ್ತ ಇರುದು ನೀರೇ ಅಲ್ವಾ. ನಡಿ ಮಾರಾಯ, ಅವಳು ಕಾಯ್ತಾ ಇದ್ದಾಳೆ."